ಬೋರ್ಡಿಗೂ ಕೆಲಸಗಾರನಿಗೂ ನಡುವಿನ ದೂರ

(ರಸ್ತೆ ಸುರಕ್ಷತಾ ಮಾಸಾಚರಣೆಯಲ್ಲಿ ಪಾಲಿಟೆಕ್ನಿಕ್ ಸಿವಿಲ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿ ಎರಡು ಜಾಕೆಟ್ ಇವೆ. ಒಂದು ಹೊಸದು. ಇನ್ನೊಂದು ಹಳೆ ಡಾಂಬರು ಕೆರೆದು ತೆಗೆಯುವ ಮಿಲ್ಲಿಂಗ್ ಮಷೀನ್ ಹಿಂದೆ ಎರಡು ತಿಂಗಳು ದುಡಿದ ಹುಡುಗನದು. ಹಿಂದಿನ ಬೆಂಚಿನವರು ಯಾರಾದರೂ ಸ್ವಲ್ಪ ಲೈಟ್ ಆರಿಸಿ. ಈಗ ಮೊಬೈಲ್ ಟಾರ್ಚ್ ಹಾಕಿ, ಕಣ್ಣಿನ ಪಕ್ಕಕ್ಕೇ ಹಿಡಿದು ನನ್ನ ಕಡೆ ಬಿಡಿ. ಹೊಸದರ ಬೆಳ್ಳಿ ಪಟ್ಟಿ ಉರಿಯುವ ಹಾಗೆ ಕಾಣುತ್ತಿದೆ, ಅಲ್ವಾ? ಹಳೆಯದು? ಬರೀ ಬೂದು ಬಟ್ಟೆ. ಇಂಥ ಪಟ್ಟಿಯಲ್ಲಿ ಸಣ್ಣ ಸಣ್ಣ ಗಾಜಿನ ಮಣಿಗಳಿರುತ್ತವೆ. ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ಅದನ್ನು ವಾಪಸ್ ಕಳಿಸುತ್ತವೆ. ಮೇಲೆ ಧೂಳು, ಡಾಂಬರು ಕೂತರೆ ಆ ಕೆಲಸ ನಿಂತುಹೋಗುತ್ತದೆ. ಆ ಹುಡುಗ ಎರಡು ತಿಂಗಳು ಜಾಕೆಟ್ ಹಾಕಿಕೊಂಡೇ ಇದ್ದ. ರಿಜಿಸ್ಟರಿನಲ್ಲಿ ಸಹಿಯೂ ಇತ್ತು. ರಾತ್ರಿ ಮಾತ್ರ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ.

ಲೈಟ್ ಹಾಕಿ. ಹೆದ್ದಾರಿ ಕೆಲಸದ ಸುರಕ್ಷತೆ ಅಂದ ತಕ್ಷಣ ಎಲ್ಲರೂ ಹೆಲ್ಮೆಟ್, ಜಾಕೆಟ್ ಅನ್ನುತ್ತಾರೆ. ಅವು ಬೇಕೇ ಬೇಕು. ಆದರೆ ಕಾರು ಕೆಲಸಗಾರನ ಹತ್ತಿರ ಬಂದ ಮೇಲೆ ಜಾಕೆಟ್ ಏನೂ ಮಾಡಲಾರದು. ಅದಕ್ಕೂ ಮುಂಚೆ, ಅರ್ಧ ಕಿಲೋಮೀಟರ್ ಹಿಂದೆ, ನಾವು ಏನು ಮಾಡಿದ್ದೆವು ಅನ್ನುವುದೇ ಮುಖ್ಯ.

ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಚಾಲಕ ಒಂದು ವಸ್ತುವನ್ನು ಕಂಡು, ಅದು ಏನೆಂದು ತಿಳಿದು, ಬ್ರೇಕ್ ಒತ್ತುವುದಕ್ಕೆ ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಇಟ್ಟಿರುವ ಸಮಯ 2.5 ಸೆಕೆಂಡ್. ಅಷ್ಟರಲ್ಲೇ 55 ಮೀಟರ್ ಹೋಯಿತು. ಪೂರ್ತಿ ನಿಲ್ಲಲು ಸುಮಾರು 120 ಮೀಟರ್ ಬೇಕು. 100ರ ವೇಗದಲ್ಲಿ 180 ಮೀಟರ್. ಇದು ಎಚ್ಚರವಾಗಿರುವ, ಕುಡಿಯದ, ಫೋನ್ ನೋಡದ ಚಾಲಕನ ಲೆಕ್ಕ. ಈಗ ಹೇಳಿ, ಗುಂಡಿ ಮುಚ್ಚುವ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿ 'ಕೆಲಸ ನಡೆಯುತ್ತಿದೆ' ಬೋರ್ಡ್ ಇಟ್ಟರೆ ಯಾರಿಗೆ ಉಪಯೋಗ?

ಇದಕ್ಕೆಲ್ಲ ನಮ್ಮಲ್ಲೇ ಕೈಪಿಡಿ ಇದೆ. ಐಆರ್‌ಸಿ ಎಸ್‌ಪಿ 55, 2014ರ ಆವೃತ್ತಿ. ಕೆಲಸ ನಡೆಯುವ ರಸ್ತೆಯನ್ನು ಅದು ನಾಲ್ಕು ಭಾಗ ಮಾಡುತ್ತದೆ. ಮೊದಲು ಎಚ್ಚರಿಕೆಯ ಭಾಗ. ಆಮೇಲೆ ವಾಹನವನ್ನು ಲೇನ್ ಬದಲಿಸಲು ಒಲಿಸುವ ಭಾಗ. ಆಮೇಲೆ ಕೆಲಸದ ಜಾಗ. ಕೊನೆಗೆ ವಾಹನ ತನ್ನ ಲೇನಿಗೆ ಮರಳುವ ಭಾಗ. ನನ್ನ ಅನುಭವದಲ್ಲಿ ನಾವು ಹೆಚ್ಚು ಎಡವುವುದು ಎರಡನೆಯದರಲ್ಲಿ, ಅಂದರೆ ಕೋನುಗಳನ್ನು ಓರೆಯಾಗಿ ಜೋಡಿಸುವ ಜಾಗದಲ್ಲಿ. ಸೈಟಿನಲ್ಲಿ ಇದನ್ನು ಟೇಪರ್ ಅನ್ನುತ್ತೇವೆ. ಅಮೆರಿಕದ ಸೂತ್ರ ನೆನಪಿಡಲು ಸುಲಭ. ಮುಚ್ಚುವ ಅಗಲವನ್ನು ವೇಗದಿಂದ ಗುಣಿಸಿ, 1.6ರಿಂದ ಭಾಗಿಸಿ. ಮೂರೂವರೆ ಮೀಟರ್ ಲೇನ್, 80ರ ವೇಗ: 175 ಮೀಟರ್. 15 ಮೀಟರಿಗೊಂದು ಕೋನು ಅಂದರೂ ಹನ್ನೆರಡು, ಹದಿಮೂರು ಕೋನು ಬೇಕು. ನಾನು ಹೋದ ಎಷ್ಟೋ ಸೈಟುಗಳಲ್ಲಿ ಇದ್ದದ್ದು ನಾಲ್ಕು. ಇಪ್ಪತ್ತು ಮೀಟರಿನೊಳಗೆ ನಾಲ್ಕು. ಅದನ್ನು ಕಂಡ ಲಾರಿ ಚಾಲಕ ಲೇನ್ ಬದಲಿಸುವುದಿಲ್ಲ, ಸ್ಟಿಯರಿಂಗ್ ಎಳೆಯುತ್ತಾನೆ. ಎಳೆದಾಗ ಪಕ್ಕದಲ್ಲಿ ಬೈಕ್ ಇರುತ್ತದೆ.

ಟೇಪರ್ ಮುಗಿದ ಮೇಲೆ, ಕೆಲಸ ಶುರುವಾಗುವ ಮೊದಲು, ಒಂದಷ್ಟು ಜಾಗ ಸುಮ್ನೆ ಖಾಲಿ ಬಿಡಬೇಕು. ದಾರಿ ತಪ್ಪಿದ ವಾಹನ ಯಾರಿಗೂ ತಾಗದೆ ನಿಲ್ಲಲಿ ಅಂತ. ಖಾಲಿ ಜಾಗ ಕಂಡರೆ ನಮಗೆ ಕೈ ತಡೆಯುವುದಿಲ್ಲ. ಜಲ್ಲಿ ಸುರಿಯುತ್ತೇವೆ, ಡೀಸೆಲ್ ಬ್ಯಾರಲ್ ಇಡುತ್ತೇವೆ. ಮಧ್ಯಾಹ್ನ ಊಟಕ್ಕೆ ಅಲ್ಲೇ ಕೂರುತ್ತೇವೆ. ದಯವಿಟ್ಟು ಆ ಜಾಗದಲ್ಲಿ ಯಾರನ್ನೂ ಕೂರಲು ಬಿಡಬೇಡಿ. ಇಡೀ ಸೈಟಿನಲ್ಲಿ ಹೆಚ್ಚು ಅಪಾಯದ ಜಾಗ ಅದೇ.

ಇನ್ನು ಕಲ್ಲುಗಳ ವಿಷಯ. ಲಾರಿ ಕೆಟ್ಟು ನಿಂತರೆ ಸುತ್ತ ಕಲ್ಲು ಇಡುವುದು, ಹಿಂದೆ ಸೊಪ್ಪಿನ ಕೊಂಬೆ ಸಿಕ್ಕಿಸುವುದು ನಮ್ಮ ಕಡೆ ಹಳೆಯ ರೂಢಿ. ರಸ್ತೆ ಕೆಲಸದವರೂ ಅದನ್ನೇ ಮಾಡುತ್ತಾರೆ. ಲಾರಿ ಹೋಗುತ್ತದೆ, ಕೆಲಸ ಮುಗಿಯುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ರಾತ್ರಿ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವ ಬೈಕಿನವನಿಗೆ ಅದು ಕಾಣುವುದೇ ಇಲ್ಲ. ಪ್ಲಾಸ್ಟಿಕ್ ಕೋನಿಗೆ ಗುದ್ದಿದರೆ ಕೋನು ಹಾರುತ್ತದೆ. ಕಲ್ಲಿಗೆ ಗುದ್ದಿದರೆ ಮನುಷ್ಯ ಹಾರುತ್ತಾನೆ.

ಬೋರ್ಡು ಮರೆತು ಬರುವುದೂ ಇಷ್ಟೇ ಕೆಟ್ಟದ್ದು. ಕೆಲಸ ಮುಗಿದು ಒಂದು ತಿಂಗಳಾದರೂ 'ನಿಧಾನವಾಗಿ ಚಲಿಸಿ' ನಿಂತೇ ಇರುತ್ತದೆ. ದಿನಾ ಓಡಾಡುವ ಚಾಲಕ ಮೊದಲ ದಿನ ನಿಧಾನಿಸುತ್ತಾನೆ, ಎರಡನೇ ದಿನವೂ ನಿಧಾನಿಸುತ್ತಾನೆ. ಮೂರನೇ ದಿನ ಆ ಬೋರ್ಡನ್ನು ನಂಬುವುದಿಲ್ಲ. ಮುಂದೆ ಎಲ್ಲೋ ನಿಜವಾಗಿ ಕೆಲಸ ನಡೆಯುತ್ತಿರುವ ಕಡೆಯೂ ನಂಬುವುದಿಲ್ಲ. ಸಂಜೆ ಕೆಲಸ ನಿಂತರೆ ಬೋರ್ಡು ಮಡಚಿ, ಇಲ್ಲವೇ ಗೋಣಿಚೀಲ ಹೊದಿಸಿ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಒಟ್ಟು ರಸ್ತೆ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಸುಮಾರು ಶೇ. 2, ಸಾವಿನಲ್ಲಿ ಶೇ. 36. ಜನ ಸೊಂಟ ಬಗ್ಗಿಸಿ ಡಾಂಬರು ಹರಡುವುದು ಅದೇ ಹೆದ್ದಾರಿಯಲ್ಲಿ.

ಅಮೆರಿಕದ ಬಾಲ್ಟಿಮೋರಿನ ಎರಡು ಘಟನೆ ಹೇಳುತ್ತೇನೆ. 2023ರ ಮಾರ್ಚ್ 22ರಂದು ಆ ಊರಿನ ಹತ್ತಿರ ಐ-695 ಹೆದ್ದಾರಿಯಲ್ಲಿ ಆರು ಕೆಲಸಗಾರರು ಸತ್ತರು. ಅವರಿಗೂ ವಾಹನಗಳಿಗೂ ನಡುವೆ ಕಾಂಕ್ರೀಟ್ ತಡೆಗೋಡೆ ಇತ್ತು. ಸೈಟಿನ ವಾಹನ ಒಳಗೆ ಹೋಗಿಬರಲು ಗೋಡೆಯಲ್ಲಿ ಒಂದು ಗ್ಯಾಪ್ ಬಿಟ್ಟಿದ್ದರು. ಅತಿವೇಗದ ಕಾರು ಆ ಗ್ಯಾಪಿನಲ್ಲೇ ನುಗ್ಗಿತು. ಮರುವರ್ಷ ಮಾರ್ಚ್ 26ರ ನಡುರಾತ್ರಿ, ಅದೇ ಊರಿನ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ದಾಲಿ ಎಂಬ ಹಡಗು ಬಡಿಯಿತು. ಹಡಗಿನಿಂದ ಅಪಾಯದ ಕರೆ ಹೋಗಿತ್ತು. ಪೊಲೀಸರು ಎರಡೂ ಕಡೆ ವಾಹನ ತಡೆದರು. ಎಷ್ಟೋ ಜೀವ ಉಳಿಯಿತು. ಆದರೆ ಸೇತುವೆ ಮೇಲೆ ರಾತ್ರಿ ಪಾಳಿಯಲ್ಲಿ ಗುಂಡಿ ಮುಚ್ಚುತ್ತಿದ್ದವರಿಗೆ ಆ ಸುದ್ದಿ ಮುಟ್ಟಲಿಲ್ಲ. ಆರು ಜನ ಹೋದರು. ಎಲ್ಲರೂ ದುಡಿಮೆ ಹುಡುಕಿ ಬೇರೆ ದೇಶಗಳಿಂದ ಬಂದವರು. ನಮ್ಮ ಸೈಟಿಗೆ ರಾಯಚೂರು, ಯಾದಗಿರಿಯಿಂದ, ಬಿಹಾರ, ಒಡಿಶಾದಿಂದ ಬಂದ ಹಾಗೆ. ನಿಮ್ಮ ಸೈಟಿನಲ್ಲಿ ಒಂದು ಸೀಟಿ ಊದಿದರೆ ಎಲ್ಲರಿಗೂ ಕೇಳುತ್ತದಾ, ಕೇಳಿದರೆ ಎಲ್ಲರಿಗೂ ಅದರ ಅರ್ಥ ಗೊತ್ತಾ ಅಂತ ಮೊದಲ ದಿನವೇ ನೋಡಿ. ಬೆಳಿಗ್ಗೆ ಕನ್ನಡದಲ್ಲಿ ಭಾಷಣ ಮಾಡಿದರೆ ಒಡಿಶಾದ ಹುಡುಗನಿಗೆ ಏನು ತಿಳಿಯಬೇಕು?

ಹೊರಗಿನ ಕಾರಿನಷ್ಟೇ ಭಯ ಒಳಗಿನ ಟಿಪ್ಪರಿನದು. ಟಿಪ್ಪರ್ ರಿವರ್ಸ್ ಬರುವಾಗ ಹಿಂದೆ ನಿಂತವನು ಕನ್ನಡಿಯಲ್ಲಿ ಕಾಣುವುದಿಲ್ಲ. ಡಾಂಬರು ಹರಡುವ ಪೇವರ್, ರೋಲರ್ ಸದ್ದಿನಲ್ಲಿ ಹಾರ್ನ್ ಕೇಳಿಸುವುದಿಲ್ಲ. ಕೈ ತೋರಿಸುವ ಒಬ್ಬನಿಲ್ಲದೆ ರಿವರ್ಸ್ ಇಲ್ಲ ಅಂತ ಕಡ್ಡಾಯ ಮಾಡಿ.

2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಗುತ್ತಿಗೆದಾರ, ಸಲಹೆಗಾರರಿಗೂ ಒಂದು ಲಕ್ಷದವರೆಗೆ ದಂಡ. ಒಂದು ಜೀವಕ್ಕೆ ಅದು ತೀರಾ ಕಡಿಮೆ ಅಂತ ನನ್ನ ಅಭಿಪ್ರಾಯ. ಆದರೂ ಕೋನು ಕೊಡಿಸಿ ಅಂತ ಕೇಳುವಾಗ ನಿಮ್ಮ ಕೈಯಲ್ಲಿ ಆ ಸೆಕ್ಷನ್ ಇರಲಿ.

ಕೊನೆಯದಾಗಿ, ಹಾವೇರಿ ಕಡೆಯ ಒಂದು ಸೈಟಿನ ವಿಷಯ. ನಾನು ಅಲ್ಲಿ ಸೇಫ್ಟಿ ನೋಡಿಕೊಳ್ಳುತ್ತಿದ್ದೆ. ಜನವರಿ ಸಂಜೆ, ಒಳ್ಳೆ ಚಳಿ. ಬಾವುಟ ಹಿಡಿದು ನಿಂತಿದ್ದ ಹೆಣ್ಣುಮಗಳು ಜಾಕೆಟ್ ಮೇಲೆ ಸ್ವೆಟರ್ ಹಾಕಿಕೊಂಡಿದ್ದಳು. ಒಂದು ಕಾರು ಕೋನುಗಳನ್ನು ಹಾರಿಸಿಕೊಂಡು ನೇರ ಅವಳ ಕಡೆ ಬಂತು. ಅವಳ ಬೆನ್ನಿಗೆ ಕಬ್ಬಿಣದ ತಡೆಪಟ್ಟಿ ಇತ್ತು. ಅದನ್ನು ಹತ್ತಿ ಆಚೆ ಬಿದ್ದಳು, ಮಣಿಕಟ್ಟು ಮುರಿಯಿತು. ಜಾಕೆಟ್ ಮುಚ್ಚಿಕೊಂಡಿದ್ದಕ್ಕೆ ಅವಳ ಸಂಬಳದಲ್ಲಿ ಹಿಡಿಯಬೇಕು ಅಂತ ಮೇಲಿನವರು ಹೇಳಿದರು. ನಾನು ಆ ಜಾಕೆಟ್ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಟ್ಟೆ. ಅದು ಸ್ವೆಟರ್ ಮೇಲೆ ಹಿಡಿಸುತ್ತಲೇ ಇರಲಿಲ್ಲ. ನಾವು ಕೊಟ್ಟಿದ್ದೇ ಚಿಕ್ಕ ಸೈಜು. ಅವಳನ್ನು ತಡೆಪಟ್ಟಿಗೆ ಒತ್ತಿ ನಿಲ್ಲಿಸಿದ್ದೂ ನಾವೇ.

ಸಂಬಳ ಹಿಡಿಯಲಿಲ್ಲ. ದೊಡ್ಡ ಸೈಜಿನ ಜಾಕೆಟ್ ಬಂದವು. ಎರಡು ತಿಂಗಳಾದ ಮೇಲೆ ಅವಳು ಕೆಲಸಕ್ಕೆ ಮರಳಿದಳು. ಆವತ್ತು ನಾನು ಬಾವುಟ ಕೊಡುವ ಮೊದಲು, ಗಾಡಿ ಬಂದರೆ ಎಲ್ಲಿಗೆ ಓಡ್ತೀಯಮ್ಮ ಅಂತ ಕೇಳಿದೆ. ಅವಳು ಸುತ್ತ ನೋಡಿ, ನಾಲ್ಕು ಹೆಜ್ಜೆ ಎಡಕ್ಕೆ ಸರಿದು ನಿಂತಳು. ಅಲ್ಲಿ ಬೆನ್ನ ಹಿಂದೆ ಜೋಳದ ಹೊಲ ಇತ್ತು.