ಎರಡೂವರೆ ಅಡಿ ಬಾಗಿಲಲ್ಲಿ ವೀಲ್‌ಚೇರ್ ಯಾಕೆ ತೂರಲ್ಲ?

ನಮಸ್ಕಾರ. ಈಗ ತೆರೆ ಮೇಲೆ ಕಾಣ್ತಿರೋದು ನಮ್ಮ ಕಡೆ ಎಲ್ಲಾ ಮನೆಗಳಲ್ಲೂ ಇರೋಂಥ ಬಚ್ಚಲುಮನೆ ಬಾಗಿಲು. ಮೇಸ್ತ್ರಿ ಲೆಕ್ಕದಲ್ಲಿ ಎರಡೂವರೆ ಅಡಿ, ಅಂದ್ರೆ 30 ಇಂಚು. ಆದರೆ ಅದು ಚೌಕಟ್ಟಿನ ಹೊರ ಅಳತೆ. ಎರಡು ಕಡೆ ಮರಕ್ಕೆ ತಲಾ ಎರಡೂವರೆ ಇಂಚು ಕಳೀರಿ, 25 ಉಳೀತು. ತೆರೆದು ನಿಂತ ಬಾಗಿಲಿನ ದಪ್ಪಕ್ಕೆ ಇನ್ನೊಂದು ಇಂಚು ಹೋಯ್ತು. ಮಾಮೂಲಿ ವೀಲ್‌ಚೇರ್‌ನ ಅಗಲವೇ 24ರಿಂದ 27 ಇಂಚು. ಹೇಗೋ ತೂರಿಸಿದರೂ ಗಾಲಿ ತಳ್ಳೋ ಕೈಯ ಗೆಣ್ಣು ಚೌಕಟ್ಟಿಗೆ ಉಜ್ಜಿ ಚರ್ಮ ಕಿತ್ತು ಬರುತ್ತೆ.

ಮನೆ ಸರಿಮಾಡಿಸೋರು ಹೆಚ್ಚಾಗಿ ದುಡ್ಡೆಲ್ಲಾ ಮುಂಬಾಗಿಲ ರ‍್ಯಾಂಪ್‌ಗೆ ಸುರಿದು, ಬಚ್ಚಲನ್ನ ಆಮೇಲೆ ನೋಡೋಣ ಅಂತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಹೊರಗೆ ಹೋಗೋದು ದಿನಕ್ಕೆ ಒಂದೋ ಎರಡೋ ಸಲ. ಬಚ್ಚಲಿಗೆ ಹೋಗೋದು ಆರೇಳು ಸಲ. ಪ್ರತಿ ಸಲ ಇನ್ನೊಬ್ಬರನ್ನ ಕರೀಬೇಕು ಅನ್ನೋ ಸಂಕೋಚಕ್ಕೆ ಎಷ್ಟೋ ಜನ ನೀರು ಕುಡಿಯೋದನ್ನೇ ಕಮ್ಮಿ ಮಾಡಿ, ಮೂತ್ರದ ಸೋಂಕು ತಂದ್ಕೊಳ್ತಾರೆ. ತಾನೇ ಬಾಗಿಲು ಹಾಕ್ಕೊಂಡು ಸ್ನಾನ ಮಾಡೋಕಾದ್ರೆ ಅದೇ ಸ್ವತಂತ್ರ ಬದುಕಿನ ಮೊದಲ ಮೆಟ್ಟಿಲು.

ಬಾಗಿಲು ದಾಟೋಕೆ ತೆರವಾದ ಜಾಗ 32 ಇಂಚಾದ್ರೂ ಬೇಕು. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಕೇಳೋದು 900 ಮಿಲಿಮೀಟರ್, ಅಂದ್ರೆ ಸುಮಾರು ಮೂರಡಿ. ಚೌಕಟ್ಟು ಕಿತ್ತು, ಗೋಡೆಯ ಹೊರಮೈಗೆ ಜಾರುಬಾಗಿಲು ಹಾಕೋದು ಒಳ್ಳೇ ದಾರಿ. ಗೋಡೆ ಒಡೆಯೋ ಮುಂಚೆ ಮೇಲಿನ ಲಿಂಟಲ್, ಅಂದ್ರೆ ಬಾಗಿಲ ಮೇಲಿನ ಗೋಡೆ ಭಾರ ಹೊರೋ ತೊಲೆ, ಎಲ್ಲಿವರೆಗೆ ಹೋಗಿದೆ ಅಂತ ನೋಡಿಸಿ. ಲಿಂಟಲ್ ಎರಡೂ ಕಡೆ ಗೋಡೆಯೊಳಗೆ ಅರ್ಧ ಅಡಿಯಾದ್ರೂ ಕೂತಿರ್ಬೇಕು. ಅಗಲ ಮಾಡೋ ಭರದಲ್ಲಿ ಅದನ್ನ ಸಡಿಲ ಮಾಡಿದ್ರೆ ಮೇಲಿನ ಗೋಡೆ ಬಿರುಕು ಬಿಡುತ್ತೆ. ಜಾರುಬಾಗಿಲು ಬೇಡ ಅಂದ್ರೆ, ಹೊರಕ್ಕೆ ತೆರೆಯೋ ಬಾಗಿಲೇ ಇರ್ಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡ ಬಿದ್ದಿದ್ರೆ, ಒಳಕ್ಕೆ ತೆರೆಯೋ ಬಾಗಿಲನ್ನ ತಳ್ಳೋಕಾಗಲ್ಲ. ಚಿಲಕ ಹೊರಗಿಂದಲೂ ತೆಗೆಯೋ ಹಾಗಿರ್ಲಿ.

ಇನ್ನು ಕಮೋಡ್. ನೆಲದ ಮೇಲೆ ಕೂರಿಸೋ ಮಾಮೂಲಿ ಕಮೋಡ್ 15–16 ಇಂಚು ಎತ್ತರ. ಕುಶನ್ ಹಾಕಿದ ವೀಲ್‌ಚೇರ್ ಸೀಟು 19–20 ಇಂಚು. ಇಳಿಯೋವಾಗ ಜಾರಿಕೊಂಡು ಇಳೀಬಹುದು, ವಾಪಸ್ ಹತ್ತೋವಾಗ ನಾಲ್ಕು ಇಂಚು ಮೈಭಾರ ಪೂರ್ತಿ ತೋಳಲ್ಲೇ ಎತ್ತಬೇಕು. ಗೋಡೆಗೆ ತಗುಲಿಸೋ ಕಮೋಡ್ ಆದ್ರೆ ಬೇಕಾದ ಎತ್ತರಕ್ಕೆ, ಸಾಮಾನ್ಯವಾಗಿ 18–19 ಇಂಚಿಗೆ ಕೂರಿಸಬಹುದು. ಅದಕ್ಕೂ ಮೇಲೆ ಬೇಡ, ಪಾದ ನೆಲಕ್ಕೆ ಸಿಗದೆ ಜೋತಾಡಿದ್ರೆ ಮೈ ಬ್ಯಾಲೆನ್ಸ್ ತಪ್ಪುತ್ತೆ. ಪಕ್ಕದಲ್ಲಿ ವೀಲ್‌ಚೇರ್ ನಿಲ್ಲೋಕೆ ಮೂರಡಿ ಖಾಲಿ ಬಿಡಿ. ಎಡಕ್ಕೋ ಬಲಕ್ಕೋ ಅನ್ನೋದನ್ನ ಬಳಸೋರನ್ನೇ ಕೇಳಿ. ಪಾರ್ಶ್ವವಾಯು ಆದವರಿಗೆ ಶಕ್ತಿ ಇರೋ ಕಡೆಯಿಂದ ಕೂತು ಏಳೋದು ಸುಲಭ.

ಹಿಡಿಕೆಗಳನ್ನ, ಅಂದ್ರೆ ಗ್ರ್ಯಾಬ್ ಬಾರ್‌ಗಳನ್ನ ಹತ್ತಿರದಿಂದ ನೋಡಿ. ದಪ್ಪ 32ರಿಂದ 40 ಮಿಲಿಮೀಟರ್, ಗೋಡೆಗೂ ಕೊಳವೆಗೂ ನಡುವೆ 40ರಿಂದ 50 ಮಿಲಿಮೀಟರ್. ಅಂತರ ಜಾಸ್ತಿ ಆದ್ರೆ ಕೈ ಜಾರಿ ಮುಂಗೈ ಒಳಗೆ ಸಿಕ್ಕಿಕೊಳ್ಳುತ್ತೆ, ಕಮ್ಮಿ ಆದ್ರೆ ಬೆರಳೇ ಸುತ್ತಲ್ಲ. ಹಾಲೋ ಬ್ಲಾಕ್ ಗೋಡೆಗೆ ಬರೀ ಪ್ಲಾಸ್ಟಿಕ್ ಪ್ಲಗ್ ಹೊಡೆದು ಸ್ಕ್ರೂ ಹಾಕಿದ್ರೆ, ಮೊದಲ ಸಲ ಪೂರ್ತಿ ಭಾರ ಬಿಟ್ಟಾಗಲೇ ಕಿತ್ತು ಬರಬಹುದು. ಅಂಥ ಕಡೆ ಎರಡು ಬ್ಲಾಕ್ ತೆಗೆದು ಕಾಂಕ್ರೀಟ್ ತುಂಬಿ, ಅದು ಗಟ್ಟಿಯಾದ ಮೇಲೆ ಆ್ಯಂಕರ್ ಬೋಲ್ಟ್ ಹಾಕ್ಸಿ. ಗಾಳಿ ಎಳೆದು ಅಂಟಿಕೊಳ್ಳೋ ರಬ್ಬರ್ ಕಪ್ಪಿನ ಹಿಡಿಕೆಗಳು ಅಂಗಡಿಯಲ್ಲಿ ಸಿಗುತ್ತೆ, ಅದನ್ನ ಮಾತ್ರ ನಂಬ್ಬೇಡಿ. ಟವೆಲ್ ಹಾಕೋ ರಾಡಂತೂ ಮೈಭಾರಕ್ಕೆ ಮಾಡಿದ್ದೇ ಅಲ್ಲ.

ಬೆನ್ನುಹುರಿಗೆ ಪೆಟ್ಟಾದವರ ಮನೆಯಲ್ಲಿ ಬಿಸಿನೀರಿನ ವಿಚಾರ ತುಂಬಾ ಮುಖ್ಯ. ಕಾಲಿಗೆ ಸ್ಪರ್ಶಜ್ಞಾನ ಇಲ್ಲದಿದ್ರೆ ಸುಡೋ ನೀರು ಬಿದ್ದದ್ದೂ ಗೊತ್ತಾಗಲ್ಲ, ಬೊಬ್ಬೆ ಎದ್ದ ಮೇಲೇ ಕಣ್ಣಿಗೆ ಬೀಳೋದು. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಸ್ಪರ್ಶ ಚೆನ್ನಾಗಿರೋ ಕೈಯಲ್ಲಿ ಮುಟ್ಟಿ ನೋಡಿಯೇ ಮೈಗೆ ಹಾಕೋದು. ಕೈಲಾದ್ರೆ ಶಾಖ ಮಿತಿಯಲ್ಲಿಡೋ ಥರ್ಮೋಸ್ಟ್ಯಾಟಿಕ್ ನಲ್ಲಿ ಹಾಕ್ಸಿ.

ಈಗ ಮುಂಬಾಗಿಲಿಗೆ ಬರೋಣ. ರ‍್ಯಾಂಪ್ ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಅರ್ಧ ಅಡಿಯ ಮೂರು ಮೆಟ್ಟಿಲಿಗೆ 18 ಅಡಿ. 30×40 ಸೈಟಿನಲ್ಲಿ ಮನೆ ಮುಂದೆ ಅಷ್ಟು ಜಾಗ ಸಿಗಲ್ಲ ಅಂತ, ಸ್ಕೂಟರ್ ಹತ್ತಿಸೋಕೆ ಹಾಕಿದ ನಾಲ್ಕೈದು ಅಡಿ ಇಳಿಜಾರನ್ನೇ ರ‍್ಯಾಂಪ್ ಅಂತಾರೆ. ಅಲ್ಲಿ ವೀಲ್‌ಚೇರ್ ಹಿಂದಕ್ಕೆ ಮಗುಚುತ್ತೆ. ಪಕ್ಕದ ಓಣಿ ಉದ್ದಕ್ಕೂ ತೆಗೆದುಕೊಂಡು ಹೋಗಿ, ತಿರುವಿನಲ್ಲಿ ಐದಡಿ ಚೌಕದ ಸಮತಟ್ಟು ಕೊಡಿ. ಅಂಚಿಗೆ ಮೂರ್ನಾಲ್ಕು ಇಂಚಿನ ಕಟ್ಟೆ ಇರ್ಲಿ, ಗಾಲಿ ಜಾರಿ ಕೆಳಗಿಳಿಯಲ್ಲ. ಮೇಲೆ ಪಾಲಿಶ್ ಗ್ರಾನೈಟ್ ಬೇಡವೇ ಬೇಡ, ಮಳೆಗಾಲದಲ್ಲಿ ಎಣ್ಣೆ ಸವರಿದ ಹಾಗಿರುತ್ತೆ. ಸಿಮೆಂಟ್ ಹಸಿ ಇರೋವಾಗಲೇ ಅಡ್ಡಡ್ಡ ಪೊರಕೆ ಎಳೆದ್ರೆ ಸಾಕು, ಹಿಡಿತ ಬರುತ್ತೆ.

ಹೊಸಿಲನ್ನ ತೆಗೆಸೋಕೆ ಮನೆಯ ಹಿರಿಯರು ಒಪ್ಪಲ್ಲ, ತೆಗೀಬೇಕಾಗೂ ಇಲ್ಲ. ವೀಲ್‌ಚೇರ್‌ನ ಮುಂದಿನ ಪುಟ್ಟ ಗಾಲಿ ಒಂದು ಇಂಚಿನ ಉಬ್ಬಿಗೂ ತಡೆದು ನಿಂತುಬಿಡುತ್ತೆ, ಕೂತವರು ಮುಂದಕ್ಕೆ ಮುಗ್ಗರಿಸ್ತಾರೆ. ಹೊಸಿಲಿನ ಎರಡೂ ಕಡೆ ಮರದ್ದೋ ರಬ್ಬರಿಂದೋ ಇಳಿಜಾರು ತುಂಡು ಜೋಡಿಸಿ. ಅರಿಶಿನ ಕುಂಕುಮ ಇಡೋ ಜಾಗ ಹಾಗೇ ಉಳಿಯುತ್ತೆ. ಬಾಡಿಗೆ ಮನೆಯಲ್ಲೂ ಇದೇ ಉಪಾಯ, ಖಾಲಿ ಮಾಡೋವಾಗ ಎತ್ತಿಕೊಂಡು ಹೋಗಬಹುದು.

ಸ್ವಂತ ಸೂರಿಗೆ ಅರ್ಜಿ ಹಾಕೋರು ಒಂದು ಮಾತು ನೆನಪಿಡಿ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ, ಸರ್ಕಾರದ ವಸತಿ ಯೋಜನೆಗಳಲ್ಲಿ ಶೇಕಡಾ 5 ಮೀಸಲು ಇದೆ, ಅದರಲ್ಲೂ ಮಹಿಳೆಯರಿಗೆ ಆದ್ಯತೆ. ವೈಕಲ್ಯ ಶೇಕಡಾ 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಬೇಕು. ನೆಲಮಹಡಿ ಬೇಕು ಅನ್ನೋದನ್ನ ಅರ್ಜಿ ಹಂತದಲ್ಲೇ ಬರೆದು ಕೊಡಿ.

ಕಡೇದಾಗಿ, ಒಂದು ಟೈಲ್ಸ್ ಕೀಳೋ ಮುಂಚೆಯೂ ಮಾಡಬೇಕಾದ ಕೆಲಸ. ಹಾಲ್‌ನಲ್ಲಿ ಸೀಮೆಸುಣ್ಣದಿಂದ ಬಚ್ಚಲಿನ ಗೋಡೆ, ಬಾಗಿಲು, ಕಮೋಡ್ ಎಲ್ಲಾ ನಿಜ ಅಳತೆಯಲ್ಲಿ ಬರೆಯಿರಿ. ಕಮೋಡ್ ಜಾಗದಲ್ಲಿ ಅದೇ ಎತ್ತರದ, ಅಲ್ಲಾಡದ ಒಂದು ಸ್ಟೂಲ್ ಇಡಿ. ವೀಲ್‌ಚೇರ್ ಬಳಸೋರು ತಾವೇ ಒಳಗೆ ಹೋಗಿ, ಸ್ಟೂಲಿಗೆ ದಾಟಿ, ಮತ್ತೆ ಚೇರಿಗೆ ಬಂದು, ತಿರುಗಿ ಹೊರಗೆ ಬರ್ಲಿ. ಪಕ್ಕದಲ್ಲಿ ಒಬ್ಬರು ಹಿಡಿಯೋಕೆ ತಯಾರಿರಿ. ಗಾಲಿ ಎಲ್ಲಿ ಗೆರೆ ದಾಟುತ್ತೋ, ಅಲ್ಲಿ ಗೆರೆ ಅಳಿಸಿ ಹೊಸದಾಗಿ ಹಾಕಿ. ಮೇಸ್ತ್ರಿಗೆ ತೋರಿಸಬೇಕಾದ ನಕ್ಷೆ ಅದೇ.