ಹೊರದೇಶದ ಆರ್ಡರು, ಬೊಮ್ಮನಹಳ್ಳಿಯ ಹೊಲಿಗೆ

ಕೇಳುಗರಿಗೆ ನಮಸ್ಕಾರ.

ಹೊರದೇಶದ ಕಂಪನಿಗಳು ತಮ್ಮ ಕೆಲಸವನ್ನು ನಮ್ಮ ಕಡೆಗೆ ಸಾಗಿಸುತ್ತವೆ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಎಲೆಕ್ಟ್ರಾನಿಕ್ ಸಿಟಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು, ಆಮೇಲೆ ಸಾಫ್ಟ್‌ವೇರು, ಕಾಲ್ ಸೆಂಟರು, ಇದನ್ನೆಲ್ಲ ಬೇಕಾದಷ್ಟು ಕೇಳಿದ್ದೇವೆ. ಅದೇ ಹೊಸೂರು ರಸ್ತೆಯಲ್ಲಿ, ಎಲೆಕ್ಟ್ರಾನಿಕ್ ಸಿಟಿಗಿಂತ ಮೊದಲೇ ಬೊಮ್ಮನಹಳ್ಳಿ ಸಿಗುತ್ತದೆ. ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಿಗೂ ಆರ್ಡರು ಬರುವುದು ಅಮೆರಿಕ, ಯುರೋಪಿನಿಂದಲೇ. ಅಲ್ಲಿ ಮಿಷನ್ನಿನ ಮುಂದೆ ಕೂತವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಅವರ ಬಗ್ಗೆ.

ಶ್ರೀಮಂತ ದೇಶಗಳು ಬಡ ದೇಶಗಳಿಂದ ಇಂತಿಷ್ಟೇ ಬಟ್ಟೆ ತರಿಸಿಕೊಳ್ಳಬೇಕೆಂಬ ಕೋಟಾ ಪದ್ಧತಿಯೊಂದು 1974ರಿಂದ ಇತ್ತು. 2005ರ ಜನವರಿ 1ಕ್ಕೆ ಅದು ಪೂರ್ತಿ ಕೊನೆಗೊಂಡಿತು. ಅಲ್ಲಿಂದ ಮುಂದೆ ಎಲ್ಲಿ ಅಗ್ಗವೋ ಅಲ್ಲಿಗೆ ಆರ್ಡರು. ಈ ಬದಲಾವಣೆಯಲ್ಲಿ ಅತ್ತ ಕಡೆಯವರೂ ನೊಂದರು, ಅದನ್ನು ಮರೆಯುವುದು ತಪ್ಪಾಗುತ್ತದೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಕನ್ನಾಪೊಲಿಸ್ ಎಂಬ ಗಿರಣಿ ಊರಿದೆ. ಟವೆಲು, ಹಾಸುಬಟ್ಟೆ ನೇಯುತ್ತಿದ್ದ ಅಲ್ಲಿನ ಪಿಲ್ಲೊಟೆಕ್ಸ್ ಕಂಪನಿ 2003ರ ಜುಲೈ 30ರಂದು ಬಾಗಿಲು ಹಾಕಿತು. ಆರು ಸಾವಿರಕ್ಕೂ ಹೆಚ್ಚು ಜನ ಒಮ್ಮೆಗೇ ಕೆಲಸ ಕಳೆದುಕೊಂಡರು. ಅವರ ಕೈಯಿಂದ ಹೋದ ಬಗೆಯ ಕೆಲಸವೇ ಏಷ್ಯಾದ ಊರೂರುಗಳಿಗೆ ಬಂದದ್ದು. ಆದರೆ ಅವರಿಗೆ ಸಿಗುತ್ತಿದ್ದ ಕೂಲಿ ಮಾತ್ರ ಕೆಲಸದ ಜೊತೆ ಬರಲಿಲ್ಲ.

ಕಾರ್ಖಾನೆಯ ಒಳಗೆ ಒಬ್ಬಳೇ ಕೂತು ಒಂದು ಇಡೀ ಅಂಗಿ ಹೊಲಿಯುವುದಿಲ್ಲ. ಕತ್ತರಿಸಿದ ಬಟ್ಟೆ ಬಂಡಲ್ ಬಂಡಲಾಗಿ ಲೈನಿಗೆ ಬರುತ್ತದೆ. ಒಬ್ಬಳದು ಬರೀ ಕಾಲರು, ಪಕ್ಕದವಳದು ಕಫ್ಫು, ಅದರಾಚೆ ತೋಳು. ಗಂಟೆಗೆ ಇಷ್ಟು ಪೀಸು ಎಂದು ಟಾರ್ಗೆಟ್ ಇರುತ್ತದೆ. ಅದು ಆಗದಿದ್ದರೆ ಸೂಪರ್‌ವೈಸರ್ ಬಂದು ತಲೆಯ ಮೇಲೆ ನಿಲ್ಲುತ್ತಾನೆ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆಂದು ನೀರನ್ನೇ ಕಡಿಮೆ ಕುಡಿಯುವವರಿದ್ದಾರೆ. ಹೀಗೆ ಹೊಲಿದ ಅಂಗಿ ಲಂಡನ್ನಿನ ಅಂಗಡಿ ಸೇರಿದಾಗ ಅದರ ಬೆಲೆಯಲ್ಲಿ ಹೊಲಿದವಳ ಪಾಲು ನೂರಕ್ಕೆ ಮೂರನ್ನು ದಾಟುವುದು ಅಪರೂಪ. ಕೂಲಿ ಹೆಚ್ಚಿಸಿ ಎಂದು ಕೇಳಿದರೆ ಮಾಲೀಕರು ಕೊಡುವ ಉತ್ತರ ಒಂದೇ: ಬ್ರ್ಯಾಂಡಿನವರು ರೇಟು ಏರಿಸುವುದಿಲ್ಲ, ನಾವು ಏರಿಸಿದರೆ ಆರ್ಡರು ಬಾಂಗ್ಲಾದೇಶಕ್ಕೆ ಹೋಗುತ್ತದೆ. ಈ ಮಾತಿನಲ್ಲಿ ನಿಜವಿದೆ, ನಾನು ತಳ್ಳಿಹಾಕುವುದಿಲ್ಲ. ಆದರೆ ಇದೇ ಆಟ ನಮ್ಮ ರಾಜ್ಯದೊಳಗೂ ನಡೆದಿದೆ. ಕನಿಷ್ಠ ವೇತನ ವಲಯದಿಂದ ವಲಯಕ್ಕೆ ಬೇರೆ. ಬೆಂಗಳೂರಿಗಿಂತ ಸಣ್ಣ ಊರುಗಳಲ್ಲಿ ಕಡಿಮೆ. ಹಾಗಾಗಿ ಕಾರ್ಖಾನೆಗಳು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆಗೂ ಹೋದವು. ಅಂಗಿ ಅದೇ, ಕೊಳ್ಳುವವರೂ ಅವರೇ, ಹೊಲಿದವಳ ಸಂಬಳ ಮಾತ್ರ ಇನ್ನೂ ಕಡಿಮೆ.

2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಗಾರ್ಮೆಂಟ್ಸ್‌ನಲ್ಲಿ ಆ ವಯಸ್ಸಿನವರೆಗೆ ದುಡಿಯುವವರು ಎಷ್ಟು ಮಂದಿ? ಸೊಂಟ, ಕಣ್ಣು ಸೋತು ನಲವತ್ತರ ಆಸುಪಾಸಿಗೇ ಬಿಡುತ್ತಾರೆ. ಮಗಳ ಮದುವೆಗೆ, ಮನೆಯ ಸಾಲಕ್ಕೆ ಅವರಿಗೆ ಇರುವ ಒಂದೇ ಗಂಟು ಆ ಪಿಎಫ್. ಏಪ್ರಿಲ್ 18ರಂದು ಹೊಸೂರು ರಸ್ತೆಗೆ ಇಳಿದರು. ಮಾರನೆಯ ದಿನ ಪೀಣ್ಯ, ಜಾಲಹಳ್ಳಿ, ಮೈಸೂರು ರಸ್ತೆ, ಎಲ್ಲ ಕಡೆ ಹೆಣ್ಣುಮಕ್ಕಳೇ. ಕಲ್ಲು ತೂರಾಟವಾಯಿತು, ವಾಹನಗಳು ಸುಟ್ಟವು, ಪೊಲೀಸರ ಲಾಠಿಯೂ ಬೀಸಿತು. ಸುಟ್ಟದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಸಂಜೆಯೇ ದೆಹಲಿ ನಿಯಮವನ್ನು ಹಿಂತೆಗೆದುಕೊಂಡಿತು. ದೇಶದ ಕೋಟ್ಯಂತರ ಕಾರ್ಮಿಕರಿಗೆ ಸೇರಿದ ಹಕ್ಕನ್ನು ಉಳಿಸಿಕೊಟ್ಟವರು ಇವರು. ಯಾವ ದೊಡ್ಡ ಮುಖಂಡರೂ ಅವರನ್ನು ಕರೆದಿರಲಿಲ್ಲ.

ಕೊರೋನಾ ವರ್ಷದಲ್ಲಿ ಇನ್ನೆರಡು ಘಟನೆ ನಡೆದವು. 2020ರಲ್ಲಿ ತುಟ್ಟಿಭತ್ಯೆಯ ಏರಿಕೆಯನ್ನು ರಾಜ್ಯ ಸರ್ಕಾರ ಒಂದು ವರ್ಷ ಮುಂದೂಡಿತು. ಮೊತ್ತ ತಿಂಗಳಿಗೆ 417 ರೂಪಾಯಿ. ಕೊಡಲೇಬೇಕೆಂದು ಹೈಕೋರ್ಟ್ ಹೇಳಿದ ಮೇಲೂ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ. ಹೊರದೇಶದ ಪತ್ರಿಕೆಗಳಲ್ಲಿ ಸುದ್ದಿಯಾಗಿ, ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರ ಹೊತ್ತಿಗೆ ದೊಡ್ಡ ತಯಾರಕರು ಬಾಕಿ ಕೊಡಲು ಒಪ್ಪಿದರು. ಶ್ರೀರಂಗಪಟ್ಟಣದಲ್ಲಿ ಅದೇ 2020ರ ಜೂನ್‌ನಲ್ಲಿ ಒಂದು ಕಾರ್ಖಾನೆ ಮುಚ್ಚಿ, ಸುಮಾರು 1,200 ಮಂದಿ ಬೀದಿಗೆ ಬಿದ್ದರು. ಮಿಷನ್ನುಗಳನ್ನು ಸಾಗಿಸದಂತೆ ಗೇಟಿನಲ್ಲೇ ಧರಣಿ ಕೂತರು. ಅವರಿಂದ ಬಟ್ಟೆ ಕೊಳ್ಳುತ್ತಿದ್ದ ಬ್ರ್ಯಾಂಡನ್ನೂ ಮಾತುಕತೆಗೆ ಎಳೆದರು. ಮಾರನೆಯ ವರ್ಷ, ಮತ್ತೆ ಕೆಲಸ ಕೊಡುವ ಒಪ್ಪಂದವಾಯಿತು.

ನನಗೆ ಇಲ್ಲಿ ಕಾಣುವುದು ಇದು: ಬೆಲೆ ನಿಗದಿ ಮಾಡುವವನು ಎಲ್ಲಿದ್ದಾನೋ ಅಲ್ಲಿಯವರೆಗೆ ದನಿ ಮುಟ್ಟದೆ ಕೂಲಿ ಏರುವುದಿಲ್ಲ. ಇಲ್ಲಿನ ಮಾಲೀಕನೊಬ್ಬನ ಜೊತೆ ಜಗಳವಾಡಿದರೆ ಸಾಲದು. ಕೊಳ್ಳುವ ಕಂಪನಿಯೂ ಹೊಣೆ ಹೊರಬೇಕು.

2025ರ ಜುಲೈ 24ರಂದು ಬ್ರಿಟನ್ ಜೊತೆ ನಮ್ಮ ದೇಶ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಅದರ ಪ್ರಕಾರ ನಮ್ಮ ಸಿದ್ಧ ಉಡುಪುಗಳ ಮೇಲೆ ಅಲ್ಲಿ ಬೀಳುತ್ತಿದ್ದ, ನೂರಕ್ಕೆ ಹನ್ನೆರಡರವರೆಗಿನ ಸುಂಕ ಸೊನ್ನೆಯಾಗುತ್ತದೆ. ಉದ್ಯಮಕ್ಕೆ ಇದು ಒಳ್ಳೆಯ ಸುದ್ದಿ, ನನಗೂ ಸಂತೋಷವೇ. ಆ ಹನ್ನೆರಡರಲ್ಲಿ ಕಾಲರು ಕೂರಿಸುವವಳಿಗೆ ಎಷ್ಟು? ಕನಿಷ್ಠ ವೇತನವನ್ನು ಐದು ವರ್ಷದೊಳಗೆ ಪರಿಷ್ಕರಿಸಬೇಕೆಂದು ಕಾನೂನೇ ಹೇಳುತ್ತದೆ. ಮುಂದಿನ ಪರಿಷ್ಕರಣೆಯ ಸಭೆಯಲ್ಲಿ ಈ ಪ್ರಶ್ನೆ ಮೇಜಿನ ಮೇಲೆ ಬರಬೇಕು, ಬೆಂಗಳೂರಿಗೂ ಮದ್ದೂರಿಗೂ ಒಂದೇ ದರ ಆಗಬೇಕು. ಕಾರ್ಮಿಕ ಇಲಾಖೆಗೆ ನನ್ನ ವಿನಂತಿ ಇದು.

ನಮಸ್ಕಾರ.