ಸುಳಿಯಲ್ಲಿದ್ದ ಹುಳ, ಪುಸ್ತಕದಲ್ಲಿಲ್ಲದ ಹುಳ

ಕೇಳುಗರಿಗೆ ನಮಸ್ಕಾರ.

2018ರ ಮುಂಗಾರು. ಆಗ ನಾನು ದಾವಣಗೆರೆಯ ಒಂದು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೆ. ಒಂದು ದಿನ ಬೆಳಗ್ಗೆ ಬೀಗ ತೆಗೆಯುವ ಹೊತ್ತಿಗೆ ಜಗಳೂರು ಕಡೆಯ ರೈತರೊಬ್ಬರು ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರೊಳಗೆ ಮೆಕ್ಕೆಜೋಳದ ಸುಳಿ. ಎಲೆ ತುಂಬ ತೂತು. ಸುಳಿಯೊಳಗೆ ಮರ ಕೊಯ್ದ ಹೊಟ್ಟಿನ ಹಾಗೆ ಹಸಿ ಲದ್ದಿ. “ಸಾರ್, ಇದು ಯಾವ ಹುಳ ಅಂತ ನಿಮ್ಮ ಬುಕ್ಕಿನಾಗ ಐತೇನು ನೋಡ್ರಿ” ಅಂದರು.

ನನಗೆ ಖುಷಿಯೋ ಖುಷಿ. ಪೇಪರ್ ಬಿಟ್ಟು ಬೇರೇನೂ ಕೇಳದ ಜನರ ನಡುವೆ ಒಬ್ಬರು ಪುಸ್ತಕ ಕೇಳಿದ್ದರು. ಮೆಕ್ಕೆಜೋಳದ ಬೇಸಾಯದ ಮೇಲೆ ಮೂರು ಪುಸ್ತಕ ಹುಡುಕಿ ಮೇಜಿನ ಮೇಲಿಟ್ಟೆ. ಅವರು ಮೊದಲನೆಯದನ್ನು ತೆಗೆದು ಚಿತ್ರ ಮಾತ್ರ ನೋಡಿದರು. ಎರಡನೆಯದರಲ್ಲಿ ನಾಲ್ಕು ಸಾಲು ಓದಿ ಪಕ್ಕಕ್ಕಿಟ್ಟರು. ಮೂರನೆಯದರ ಮೊದಲ ಪುಟ ತಿರುಗಿಸಿ, ಅಚ್ಚಾದ ವರ್ಷ ನೋಡಿ, “ಇದು ಹಳೇದು ಸಾರ್” ಅಂತ ಮುಚ್ಚಿದರು. ಎರಡು ನಿಮಿಷವೂ ಆಗಿರಲಿಲ್ಲ.

ನನಗೆ ಸ್ವಲ್ಪ ಬೇಜಾರಾಯಿತು. ಕೀಟಗಳ ಮೇಲೆ ಒಂದು ಅಧ್ಯಾಯವೇ ಇದೆ. ಓದದೆಯೇ ಬೇಡ ಅಂದರೆ ಹೇಗೆ?

ಆದರೆ ಅವರು ಮಾಡಿದ್ದೇ ಸರಿ. ಆ ಹುಳ ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಕ್ಕೆ ಕಾಲಿಟ್ಟಿತ್ತು. ನಮ್ಮ ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 2018ರ ಮೇ ತಿಂಗಳಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ಫಾಲ್ ಸೈನಿಕ ಹುಳು ಅಂತಾರೆ. ನನ್ನ ಪುಸ್ತಕಗಳು ಕಾಂಡ ಕೊರೆಯುವ ಹುಳದ ಬಗ್ಗೆ ಸೊಗಸಾಗಿ ಬರೆದಿದ್ದವು, ತಪ್ಪು ಅನ್ನುವ ಹಾಗಿರಲಿಲ್ಲ. ಅವರ ಹೊಲದಲ್ಲಿದ್ದ ಹುಳ ಮಾತ್ರ ಅವುಗಳಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಸಿಕ್ಕ ಮಾಹಿತಿ ನಮ್ಮ ಕೆಲಸಕ್ಕೆ ಬರುತ್ತದೋ ಇಲ್ಲವೋ ಅನ್ನುವುದನ್ನೇ ಅಳೆಯಲು ಹೊರಟವರಿದ್ದಾರೆ. 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ಎಂಬ ಗ್ರಂಥಪಾಲಕರು 1,400 ಬರಹ, 225 ಪ್ರಶ್ನೆ ಇಟ್ಟುಕೊಂಡು ಪರೀಕ್ಷೆ ಮಾಡಿದರು. ಹೆಚ್ಚಿನವು ವಿಮಾನ ಹಾರಾಟದ ವಿಜ್ಞಾನದವು. ಯಾವ ಬರಹ ಯಾವ ಪ್ರಶ್ನೆಗೆ ಎಷ್ಟು ಸರಿಹೊಂದುತ್ತದೆ ಅಂತ ಅಂಕ ಹಾಕಿಸಿದರು. ಇವತ್ತು ಹುಡುಕುವ ಯಂತ್ರಗಳನ್ನು ಪರೀಕ್ಷಿಸುವ ಪದ್ಧತಿಗೆ ಅದೇ ಬುನಾದಿ. ಆಮೇಲಿನವರು ನಿಜವಾದ ಓದುಗರನ್ನೇ ಕೂರಿಸಿ ಕೇಳಿದರು: ಇದನ್ನು ಯಾಕೆ ಇಟ್ಟುಕೊಂಡಿರಿ, ಅದನ್ನು ಯಾಕೆ ಬಿಟ್ಟಿರಿ? ಹೊಸದು, ಹಳೆಯದು, ನನಗೆ ಅರ್ಥವಾಗುತ್ತೆ, ಬರೆದವರ ಮೇಲೆ ನಂಬಿಕೆ ಇದೆ, ಇದು ನನಗೆ ಮೊದಲೇ ಗೊತ್ತಿತ್ತು, ಹೀಗೆಲ್ಲ ಉತ್ತರ ಬಂದವು. ವಿಷಯ ಒಂದೇ ಆಗಿದ್ದರೆ ಸಾಲದು ಅಂತಾಯಿತು. ಜಗಳೂರಿನವರು ನನ್ನೆದುರು ಎರಡು ನಿಮಿಷದಲ್ಲಿ ಮಾಡಿದ್ದು ಇದನ್ನೇ ಅಲ್ವಾ?

ಯಾವುದನ್ನು ಮೊದಲು, ಯಾವುದನ್ನು ಆಮೇಲೆ ನೋಡುತ್ತೇವೆ ಅನ್ನುವುದೂ ನಮ್ಮನ್ನು ಆಡಿಸುತ್ತದೆ. ಸೀರೆ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಮೊದಲು ನಾಲ್ಕು ಸಪ್ಪೆ ಸೀರೆ ಬಿಚ್ಚಿ ಹಾಕಿದರೆ ಐದನೆಯದು ಸಾಧಾರಣದ್ದಾದರೂ ಕಣ್ಣಿಗೆ ಹೊಡೆಯುತ್ತದೆ. ಫೋನಿನಲ್ಲಿ ಹುಡುಕಿದಾಗ ಮೇಲೆ ಬಂದದ್ದನ್ನೇ ಒತ್ತುವುದೂ ಅದೇ ಚಾಳಿ.

ಇನ್ನೊಂದು ಸಂಗತಿ. ಕಳೆದ ಮಳೆಗಾಲ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. “ಮಾರಿಕಣಿವೆ ಕೋಡಿ ಬಿತ್ತು!” ಮಾರಿಕಣಿವೆ ಅಂದರೆ ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಅಣೆಕಟ್ಟು. ನೀರು ಭೋರ್ಗರೆಯುತ್ತಿದೆ. ಹಿರಿಯೂರಿನ ಬೀಗರು ತೆಂಗಿನ ತೋಟದವರು, ಕೈಮುಗಿದ ಚಿತ್ರ ಹಾಕಿದರು. ನಮ್ಮ ಸೊಸೆ ಭಾನುವಾರಕ್ಕೆ ಕಾರು ಗೊತ್ತುಮಾಡಲು ಶುರುಮಾಡಿದಳು. ಹೊಸದುರ್ಗ ತಾಲ್ಲೂಕಿನಲ್ಲಿ, ಹಿನ್ನೀರಿನ ಅಂಚಿಗೆ ಅಡಿಕೆ ತೋಟ ಇಟ್ಟುಕೊಂಡ ನಮ್ಮ ಮಾವ ಮಾತ್ರ ಏನೂ ಹಾಕಲಿಲ್ಲ. ಅವರು ಡ್ಯಾಮಿನ ಹತ್ತಿರ ಗುರುತಿದ್ದವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರಂತೆ: “ಇವತ್ತು ಎಷ್ಟು ಅಡಿ ಐತಿ?” ಕೋಡಿ ಬೀಳಬೇಕಾದರೆ 130 ಅಡಿ ಆಗಬೇಕು. ಅವತ್ತು ಅಷ್ಟು ಇರಲೇ ಇಲ್ಲ. ವಿಡಿಯೋ 2022ರದ್ದು. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ, ಮತ್ತೆ ಕೋಡಿ ಕಾಣಲು 89 ವರ್ಷ ಬೇಕಾಯಿತು. ಆ ಸಂಭ್ರಮದಲ್ಲಿ ತೆಗೆದ ವಿಡಿಯೋ ಈಗಲೂ ಸುತ್ತುತ್ತಿದೆ.

ಬೀಗರಾಗಲಿ ಸೊಸೆಯಾಗಲಿ ದಡ್ಡರೇನಲ್ಲ. ಬೇಕಾದ ಸುದ್ದಿ ಬೇಕಾದ ಹೊತ್ತಿಗೆ ಬಂದರೆ ತಾರೀಖು ಯಾರು ಕೇಳುತ್ತಾರೆ? ತೋಟ ಮುಳುಗುವವರು ಕೇಳುತ್ತಾರೆ. ಸುಳಿ ತಿನ್ನಿಸಿಕೊಂಡವರು ಕೇಳುತ್ತಾರೆ. ನನ್ನ ಮಟ್ಟಿಗೆ ಕಂಡದ್ದು ಇಷ್ಟು: ತಪ್ಪಿದರೆ ಕೈಯಿಂದ ಹೋಗುವುದು ಯಾರದ್ದೋ, ಅವರೇ ಗಟ್ಟಿಯಾಗಿ ಪರೀಕ್ಷಿಸುವವರು.

ನನ್ನ ಕೈಯಿಂದ ಏನೂ ಹೋಗುತ್ತಿರಲಿಲ್ಲ ನೋಡಿ, ಅದಕ್ಕೇ ನಾನು ಎಡವಿದೆ. ಗ್ರಂಥಾಲಯದವರಿಗೆಲ್ಲ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಕೊಟ್ಟ ಐದು ಸೂತ್ರ ಬಾಯಿಪಾಠ. ನಾಲ್ಕನೆಯದು, ಓದುಗನ ಸಮಯ ಉಳಿಸು ಅಂತ. ನಾನು ಇನ್ನೊಂದು ದಪ್ಪ ಪುಸ್ತಕಕ್ಕೆ ಏಣಿ ಹತ್ತುತ್ತಿದ್ದೆ. ಅಷ್ಟರಲ್ಲಿ ಅವರೇ ನೋಟಿಸ್ ಬೋರ್ಡಿನ ಮುಂದೆ ಹೋಗಿ ನಿಂತರು. ಕೆಲಸಕ್ಕೆ ಅರ್ಜಿ ಕರೆದ ಕಾಗದಗಳ ಕೆಳಗೆ ಒಂದು ಹಾಳೆ ಸಿಕ್ಕಿಸಿತ್ತು. ಕೃಷಿ ಇಲಾಖೆಯ ಕರಪತ್ರ. ಅದನ್ನು ಅಲ್ಲಿ ಸಿಕ್ಕಿಸಿದವನೂ ನಾನೇ! ಅದಕ್ಕೆ ಕಪಾಟಿನ ನಂಬರಿರಲಿಲ್ಲ, ಹಾಗಾಗಿ ನನ್ನ ತಲೆಯಲ್ಲಿ ಅದು ಲೆಕ್ಕಕ್ಕೇ ಇರಲಿಲ್ಲ.

ಹುಳದ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರ, ಹಿಂಭಾಗದಲ್ಲಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಅಂತ ಅದರಲ್ಲಿತ್ತು. ಅವರು ಕಡ್ಡಿಯಿಂದ ಹುಳವನ್ನು ಸುಳಿಯಿಂದ ಎಬ್ಬಿಸಿ ಮೇಜಿನ ಮೇಲಿದ್ದ ರಿಜಿಸ್ಟರಿನ ಮೇಲೆ ಬಿಟ್ಟರು. ಇಬ್ಬರೂ ಬಗ್ಗಿ ನೋಡಿದೆವು. “ಕವೆಗೋಲು ಉಲ್ಟಾ ಇಟ್ಟಂಗ ಐತಲ್ರಿ” ಅಂದರು. ನಾನು ಚುಕ್ಕೆ ಎಣಿಸಿದೆ. ನಾಲ್ಕು.

ಕರಪತ್ರ ಬಿಚ್ಚಿ ಕೊಟ್ಟೆ. ಮಡಚಿ ಜೇಬಿಗಿಟ್ಟುಕೊಂಡು ಬಸ್ಸಿಗೆ ಓಡಿದರು. ಹುಳ ಮಾತ್ರ ರಿಜಿಸ್ಟರಿನ ಮೇಲೆಯೇ ಉಳಿಯಿತು.